ರಾಕ್‌ಬಾಕ್ಸ್ ಹಾಕಿದ ಐಪಾಡ್‌ನಲ್ಲಿ ಹಾಡುಗಳನ್ನು ಜೋಡಿಸುವುದು: ಫೋಲ್ಡರೋ, ಡೇಟಾಬೇಸೋ?

ಪ್ರಶ್ನೆ: ನನ್ನ ಐದನೇ ತಲೆಮಾರಿನ ಐಪಾಡ್ ವಿಡಿಯೊಗೆ ರಾಕ್‌ಬಾಕ್ಸ್ ಹಾಕಿಕೊಂಡಿದ್ದೇನೆ (ಆಪಲ್‌ನ ಫರ್ಮ್‌ವೇರ್, ಅಂದರೆ ಪ್ಲೇಯರನ್ನು ನಡೆಸುವ ತಂತ್ರಾಂಶದ ಬದಲು ಬಳಸುವ ಉಚಿತ ಫರ್ಮ್‌ವೇರ್ ಅದು). ಅದರಲ್ಲಿರುವ ಸುಮಾರು ಆರು ಸಾವಿರ ಹಾಡುಗಳು ಹಿಂದೆ ಐಟ್ಯೂನ್ಸ್‌ನಿಂದ ತುಂಬಿದವು. ಫೈಲ್ ಪಟ್ಟಿ ತೆರೆದರೆ ನಾಲ್ಕಕ್ಷರದ ಅರ್ಥವಿಲ್ಲದ ಹೆಸರುಗಳು. ಡೇಟಾಬೇಸ್ ತೆರೆದರೆ ಒಂದೇ ಆಲ್ಬಂ ಹತ್ತು ಗಾಯಕರ ಹೆಸರಿನಡಿ ಹರಿದು ಹಂಚಿಹೋಗಿದೆ, ಎರಡು ಡಿಸ್ಕ್ ಇರುವ ಆಲ್ಬಂಗಳ ಕ್ರಮ ಕೆಟ್ಟಿದೆ, ಕವರ್ ಚಿತ್ರ ಒಂದೂ ಬರುತ್ತಿಲ್ಲ. ಟ್ಯಾಗ್ (ಫೈಲ್‌ನೊಳಗೆ ಬರೆದಿರುವ ಹಾಡು, ಗಾಯಕರು, ಆಲ್ಬಂ ಮುಂತಾದ ವಿವರ) ತಿದ್ದಿದ ಮೇಲೂ ಕೆಲವು ಹಾಡುಗಳು ಹಳೆಯ ಹೆಸರಿನಲ್ಲೇ ಕೂತಿವೆ. ಫೋಲ್ಡರ್ ಮಾಡಿ ಇಡಲೋ, ಡೇಟಾಬೇಸನ್ನೇ ನಂಬಲೋ?

ಉತ್ತರ: ಎರಡೂ ಬೇಕು, ಆದರೆ ಮೊದಲು ಫೋಲ್ಡರ್. ರಾಕ್‌ಬಾಕ್ಸ್‌ನ ಡೇಟಾಬೇಸ್ ತಾನಾಗಿ ಏನನ್ನೂ ಜೋಡಿಸುವುದಿಲ್ಲ. ಫೈಲ್‌ಗಳ ಒಳಗಿರುವ ಟ್ಯಾಗ್ ಓದಿ ಪಟ್ಟಿ ಮಾಡುತ್ತದೆ, ಅಷ್ಟೇ. ಟ್ಯಾಗ್ ಕೆಟ್ಟಿದ್ದರೆ ಪಟ್ಟಿಯೂ ಕೆಟ್ಟದ್ದೇ. ಫೋಲ್ಡರ್ ಹಾಗಲ್ಲ, ಡೇಟಾಬೇಸ್ ಹಾಳಾದ ದಿನವೂ ಹಾಡು ಕೈಗೆ ಸಿಗುತ್ತದೆ. ಹಾಗಾಗಿ ಕೆಲಸವೆಲ್ಲ ಕಂಪ್ಯೂಟರ್‌ನಲ್ಲಿ ಮುಗಿಯಲಿ. ಪ್ಲೇಯರ್‌ನ ಮೆನುಗಳಲ್ಲಿ ಎಷ್ಟು ಹುಡುಕಾಡಿದರೂ ಆಲ್ಬಂ ಒಂದಾಗುವುದಿಲ್ಲ.

ಮೊದಲು ಆ ನಾಲ್ಕಕ್ಷರದ ಹೆಸರುಗಳ ವಿಷಯ. ಐಟ್ಯೂನ್ಸ್ ಹಾಡುಗಳನ್ನು ಐಪಾಡ್ ಕಂಟ್ರೋಲ್ ಎಂಬ ಫೋಲ್ಡರ್‌ನೊಳಗೆ, ಎಫ್00, ಎಫ್01 ಎಂಬಂಥ ಉಪಫೋಲ್ಡರ್‌ಗಳಿಗೆ ಮನಸ್ಸಿಗೆ ಬಂದ ಹೆಸರು ಕೊಟ್ಟು ಹಂಚಿಬಿಡುತ್ತದೆ. ಯಾವ ಫೈಲ್ ಯಾವ ಹಾಡು ಎಂಬ ಲೆಕ್ಕ ಆಪಲ್‌ನ ಸ್ವಂತ ಡೇಟಾಬೇಸ್ ಫೈಲ್‌ನಲ್ಲಿರುತ್ತದೆ, ರಾಕ್‌ಬಾಕ್ಸ್ ಅದನ್ನು ನೋಡುವುದಿಲ್ಲ. ಕವರ್ ಚಿತ್ರಗಳೂ ಹಾಗೆಯೇ: ಐಪಾಡ್‌ನಲ್ಲಿ ಅವು ಪ್ರತ್ಯೇಕ ಸಂಗ್ರಹವಾಗಿ ಕೂತಿರುತ್ತವೆ, ಹಾಡಿನ ಫೈಲ್‌ನಲ್ಲಿ ಇರಲೇಬೇಕೆಂದಿಲ್ಲ. ನಿಮಗೆ ಒಂದೂ ಕವರ್ ಕಾಣದಿರುವುದಕ್ಕೆ ಬಹುತೇಕ ಇದೇ ಕಾರಣ.

ಇಲ್ಲೊಂದು ತೀರ್ಮಾನ ಮಾಡಿಕೊಳ್ಳಿ. ನೀವೇ ಫೋಲ್ಡರ್ ಮಾಡಿ ಹಾಕಿದ ಹಾಡುಗಳು ಆಪಲ್‌ನ ಮೂಲ ಫರ್ಮ್‌ವೇರ್‌ಗೆ ಕಾಣುವುದಿಲ್ಲ. ಎರಡೂ ಫರ್ಮ್‌ವೇರ್‌ಗಳನ್ನು ಬಳಸುವವರಾದರೆ ಐಟ್ಯೂನ್ಸ್ ಮಾಡಿದ ಜೋಡಣೆಯನ್ನು ಮುಟ್ಟದೆ, ಟ್ಯಾಗ್ ಸರಿಮಾಡಿಕೊಂಡು ರಾಕ್‌ಬಾಕ್ಸ್‌ನ ಡೇಟಾಬೇಸ್ ಮೂಲಕವೇ ಕೇಳಬೇಕು. ರಾಕ್‌ಬಾಕ್ಸ್ ಒಂದೇ ಸಾಕು ಎನ್ನುವವರು ಹಳೆಯದನ್ನು ಕಂಪ್ಯೂಟರ್‌ಗೆ ನಕಲು ಮಾಡಿಕೊಂಡು, ಸರಿಪಡಿಸಿ, ಹೊಸ ಫೋಲ್ಡರ್‌ನಲ್ಲಿ ಹಾಕುವುದು ಒಳ್ಳೆಯದು. ಮುಂದಿನ ಮಾತೆಲ್ಲ ಈ ಎರಡನೆಯವರಿಗೆ. ಐಟ್ಯೂನ್ಸ್‌ನಲ್ಲಿ ಹಿಂದೆ ಕೊಂಡ, ಎಂ4ಪಿ ಎಂದು ಕೊನೆಯಾಗುವ ಬೀಗ ಹಾಕಿದ ಫೈಲ್‌ಗಳು ರಾಕ್‌ಬಾಕ್ಸ್‌ನಲ್ಲಿ ನುಡಿಯುವುದೇ ಇಲ್ಲ, ಅವನ್ನು ಈಗಲೇ ಬೇರ್ಪಡಿಸಿಬಿಡಿ.

ಕಂಪ್ಯೂಟರ್‌ನಲ್ಲಿ ಒಂದು ಮೂಲಪ್ರತಿ ಇರಲಿ, ಐಪಾಡ್‌ನಲ್ಲಿರುವುದು ಅದರ ನಕಲು ಮಾತ್ರ. ಐಪಾಡ್ ಮೇಲೆಯೇ ಟ್ಯಾಗ್ ತಿದ್ದಲು ಹೋಗಬೇಡಿ. ಟ್ಯಾಗ್‌ಗೆ ಜಾಗ ಸಾಲದಿದ್ದರೆ ಇಡೀ ಫೈಲನ್ನು ಮತ್ತೆ ಬರೆಯಬೇಕಾಗುತ್ತದೆ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಅದು ನಿಧಾನ, ನಡುವೆ ಕೇಬಲ್ ಅಲುಗಾಡಿದರೆ ಫೈಲೇ ಹೋಯಿತು.

ತಿದ್ದುವುದಕ್ಕೆ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್, ಎಂಪಿ3ಟ್ಯಾಗ್, ಕಿಡ್3 ಮೂರೂ ಚೆನ್ನಾಗಿವೆ. ಸಾವಿರಗಟ್ಟಲೆ ಹಾಡುಗಳನ್ನು ಗುರುತಿಸಿ ಹೆಸರು ಹಚ್ಚುವುದಕ್ಕೆ ಪಿಕಾರ್ಡ್, ಒಂದು ಆಲ್ಬಮ್ಮನ್ನು ಕೈಯಿಂದ ನೇರ್ಪು ಮಾಡುವುದಕ್ಕೆ ಉಳಿದೆರಡು. ಆರು ಸಾವಿರವನ್ನೂ ಒಟ್ಟಿಗೆ ಪಿಕಾರ್ಡ್‌ಗೆ ಸುರಿದು ಸೇವ್ ಒತ್ತಬೇಡಿ, ಒಂದೇ ಹಾಡಿನ ಬೇರೆ ಬೇರೆ ಮುದ್ರಣಗಳನ್ನು ಅದು ಯಾವುದೋ ಸಂಕಲನಕ್ಕೆ ಸೇರಿಸಿಬಿಡುತ್ತದೆ. ಹತ್ತಿಪ್ಪತ್ತು ಆಲ್ಬಂಗಳಂತೆ ತೆಗೆದುಕೊಂಡು ಕಣ್ಣಾಡಿಸಿ ಮುಂದೆ ಹೋಗಿ.

ಆಲ್ಬಂ ಹರಿದುಹೋಗುವ ಕಾಯಿಲೆಗೆ ಮದ್ದು ಒಂದೇ: ಆಲ್ಬಂ ಆರ್ಟಿಸ್ಟ್ ಟ್ಯಾಗ್. ಆರ್ಟಿಸ್ಟ್ ಎಂಬಲ್ಲಿ ಆಯಾ ಹಾಡಿನ ಗಾಯಕರು ಇರಲಿ, ಆಲ್ಬಂ ಆರ್ಟಿಸ್ಟ್ ಎಂಬಲ್ಲಿ ಆಲ್ಬಂನ ಎಲ್ಲ ಹಾಡುಗಳಿಗೂ ಅಕ್ಷರ ವ್ಯತ್ಯಾಸವಿಲ್ಲದ ಒಂದೇ ಹೆಸರಿರಲಿ. ಸಿನಿಮಾ ಹಾಡುಗಳ ಆಲ್ಬಮ್ಮಿಗೆ ಸಂಗೀತ ಸಂಯೋಜಕರ ಹೆಸರು, ಹಲವರ ಸಂಕಲನಕ್ಕೆ ‘ವೇರಿಯಸ್ ಆರ್ಟಿಸ್ಟ್ಸ್’ ಎಂದೋ ನಿಮಗೊಪ್ಪುವ ಇನ್ನೊಂದೋ. ರಾಕ್‌ಬಾಕ್ಸ್‌ನ ಡೇಟಾಬೇಸ್ ಒಂದು ಟ್ಯಾಗ್‌ಗೆ ಒಂದೇ ಮೌಲ್ಯ ಇಟ್ಟುಕೊಳ್ಳುತ್ತದೆ. ಆರ್ಟಿಸ್ಟ್ ಎಂಬಲ್ಲಿ ಇಬ್ಬರ ಹೆಸರನ್ನು ಅರ್ಧವಿರಾಮ ಹಾಕಿ ಬರೆದರೆ ಅದು ಇಬ್ಬರಲ್ಲ, ಉದ್ದ ಹೆಸರಿನ ಮೂರನೆಯ ಒಬ್ಬರು! ಹೆಸರಿನ ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗವೂ ಹೊಸ ಕಲಾವಿದರನ್ನು ಹುಟ್ಟಿಸುತ್ತದೆ. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ ಅನುಮಾನಿಸಬೇಕಾದ್ದು ಮೊದಲು ಅದನ್ನೇ.

ಕ್ರಮ ಕೆಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಡೇಟಾಬೇಸ್‌ನಲ್ಲಿ ಆಲ್ಬಂ ತೆರೆದಾಗ ಪ್ರತಿ ಹಾಡಿಗೂ ರಾಕ್‌ಬಾಕ್ಸ್ ಒಂದು ಸಾಲು ಕಟ್ಟುತ್ತದೆ. ಡಿಸ್ಕ್ ಸಂಖ್ಯೆ ಇದ್ದರೆ ಮೊದಲು ಅದು, ಆಮೇಲೆ ಟ್ರ್ಯಾಕ್ ಸಂಖ್ಯೆ, ಆಮೇಲೆ ಶೀರ್ಷಿಕೆ. ಡಿಸ್ಕ್ ಸಂಖ್ಯೆ ಇಲ್ಲದಿದ್ದರೆ ಟ್ರ್ಯಾಕ್ ಸಂಖ್ಯೆಯಿಂದ ಶುರು, ಅದೂ ಇಲ್ಲದಿದ್ದರೆ ಬರೀ ಶೀರ್ಷಿಕೆ. ವಿಂಗಡಣೆ ನಡೆಯುವುದು ಹೀಗೆ ಕಟ್ಟಿದ ಸಾಲಿನ ಮೇಲೆ. ಎರಡು ಡಿಸ್ಕ್‌ಗಳ ಆಲ್ಬಂನಲ್ಲಿ ಮೊದಲ ಡಿಸ್ಕ್‌ಗೆ ಡಿಸ್ಕ್ ಸಂಖ್ಯೆ ಹಾಕದೆ ಎರಡನೆಯದಕ್ಕೆ ಮಾತ್ರ ‘2’ ಎಂದು ಹಾಕಿದ್ದೀರಿ ಎನ್ನಿ. ಮೊದಲ ಡಿಸ್ಕ್‌ನ ಸಾಲುಗಳು 01, 02, 03 ಎಂದು ಆರಂಭವಾದರೆ ಎರಡನೆಯದರ ಸಾಲುಗಳು 2ರಿಂದ ಆರಂಭವಾಗುತ್ತವೆ. ಎರಡು ತರಹದ ಸಾಲುಗಳು ಒಂದೇ ಪಟ್ಟಿಯಲ್ಲಿ ಬೆರೆತು, ಹಾಡುಗಳು ಎಲ್ಲೆಲ್ಲೋ ನುಗ್ಗುತ್ತವೆ. ಯಾವ ಡಿಸ್ಕ್‌ಗೂ ಸಂಖ್ಯೆ ಇಲ್ಲದಿದ್ದರೆ ಇನ್ನೊಂದು ಅವಾಂತರ: ಎರಡು ಒಂದನೇ ಹಾಡು, ಎರಡು ಎರಡನೇ ಹಾಡು ಎಂದು ಜೋಡಿಜೋಡಿಯಾಗಿ ಬರುತ್ತವೆ. ಆದ್ದರಿಂದ ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದರೆ ಎಲ್ಲ ಹಾಡಿಗೂ ಡಿಸ್ಕ್ ಸಂಖ್ಯೆ ಹಾಕಿ. ಒಂದೇ ಡಿಸ್ಕ್‌ನ ಆಲ್ಬಮ್ಮಿಗೆ ಬೇಕಿಲ್ಲ, ಹಾಕುವುದಾದರೆ ಎಲ್ಲಕ್ಕೂ ಹಾಕಿ.

ಫೈಲ್ ಹೆಸರೂ ಇದೇ ತರ್ಕದಲ್ಲಿರಲಿ. ಮೇಲೆ ‘ಮ್ಯೂಸಿಕ್’ ಎಂಬ ಫೋಲ್ಡರ್, ಅದರೊಳಗೆ ಆಲ್ಬಂ ಆರ್ಟಿಸ್ಟ್, ಅದರೊಳಗೆ ‘ವರ್ಷ - ಆಲ್ಬಂ’, ಒಳಗೆ ‘1-01 ಶೀರ್ಷಿಕೆ’, ‘2-01 ಶೀರ್ಷಿಕೆ’ ಎಂದು ಫೈಲ್‌ಗಳು. ಡಿಸ್ಕ್ 1, ಡಿಸ್ಕ್ 2 ಎಂದು ಬೇರೆ ಬೇರೆ ಉಪಫೋಲ್ಡರ್ ಮಾಡುವವರಿದ್ದಾರೆ. ರಾಕ್‌ಬಾಕ್ಸ್‌ಗೆ ಅದು ಹೊಂದುವುದಿಲ್ಲ. ಫೈಲ್ ಪಟ್ಟಿಯಿಂದ ಒಂದು ಹಾಡು ಒತ್ತಿದರೆ ಆ ಒಂದು ಫೋಲ್ಡರ್‌ನಷ್ಟೇ ಪ್ಲೇಲಿಸ್ಟ್ ಆಗುತ್ತದೆ, ಮೊದಲ ಡಿಸ್ಕ್ ಮುಗಿದಲ್ಲಿಗೆ ಸಂಗೀತ ನಿಲ್ಲುತ್ತದೆ. ಮುಂದಿನ ಫೋಲ್ಡರ್‌ಗೆ ತಾನೇ ಹೋಗುವ ಆಯ್ಕೆ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಇದೆ, ಆದರೆ ಅದು ಎರಡನೇ ಡಿಸ್ಕ್‌ಗೆ ನಿಲ್ಲದೆ ಅಲ್ಲಿಂದ ಮುಂದಿನ ಆಲ್ಬಮ್ಮಿಗೂ ಹೋಗುತ್ತದೆ. ನಕಲು ಮಾಡಿದ ಅನುಕ್ರಮದಲ್ಲೇ ನುಡಿಸುವ ಸರಳ ಪ್ಲೇಯರ್‌ಗಳ ಹಾಗಲ್ಲ ಇದು, ಹೆಸರಿನ ಪ್ರಕಾರ ತಾನೇ ವಿಂಗಡಿಸುತ್ತದೆ. ಫೈಲ್ ವ್ಯೂ ಸೆಟ್ಟಿಂಗ್‌ನಲ್ಲಿ ಅಂಕಿಗಳನ್ನು ಇಡೀ ಸಂಖ್ಯೆಯಾಗಿ ಓದುವ ಆಯ್ಕೆಯೂ ಇದೆ, ಅದನ್ನು ಹಾಕಿದರೆ 2ರ ನಂತರ 10 ಬರುತ್ತದೆ. ಆದರೂ ಮೊದಲೇ ಎರಡಂಕಿಯಲ್ಲಿ ಬರೆಯುವುದು ವಾಸಿ, ಬೇರೆ ಉಪಕರಣಕ್ಕೂ ಅದು ನಡೆಯುತ್ತದೆ.

ರಾಕ್‌ಬಾಕ್ಸ್‌ಗೆ ಡಿಸ್ಕ್ ಫ್ಯಾಟ್32 ಎಂಬ ಫಾರ್ಮ್ಯಾಟ್‌ನಲ್ಲಿ ಇರಬೇಕು. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡ್‌ನ ಎಚ್‌ಎಫ್‌ಎಸ್ ಪ್ಲಸ್ ಅದಕ್ಕೆ ಓದಲು ಬಾರದು. ನಿಮ್ಮದು ಈಗಾಗಲೇ ನಡೆಯುತ್ತಿರುವುದರಿಂದ ಆ ಚಿಂತೆಯಿಲ್ಲ. ಫ್ಯಾಟ್32ರಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ, ನೆಟ್ಟಗಿನ ಗೆರೆ, ಎರಡೂ ಬಗೆಯ ಓರೆಗೆರೆ ಮತ್ತು ಕೋನಾವರಣಗಳು ಹೆಸರಿನಲ್ಲಿ ಇರಕೂಡದು. ಪಿಕಾರ್ಡ್‌ನ ಫೈಲ್ ಹೆಸರಿನ ಸೆಟ್ಟಿಂಗ್‌ನಲ್ಲಿ ವಿಂಡೋಸ್ ಹೊಂದಾಣಿಕೆ ಎಂಬುದನ್ನು ಹಾಕಿಬಿಟ್ಟರೆ ಇವನ್ನೆಲ್ಲ ಅದೇ ಬದಲಿಸುತ್ತದೆ. ಚುಕ್ಕೆಯಿಂದ ಮುಗಿಯುವ ಆಲ್ಬಂ ಹೆಸರುಗಳೂ ಕಾಟ ಕೊಡುತ್ತವೆ, ಫೋಲ್ಡರ್ ಹೆಸರಿನಲ್ಲಿ ಆ ಚುಕ್ಕೆ ತೆಗೆಯಿರಿ. ಟ್ಯಾಗ್‌ನಲ್ಲಿ ಇದ್ದರೆ ತೊಂದರೆಯಿಲ್ಲ.

ಕನ್ನಡ ಲಿಪಿಯಲ್ಲಿ ಹೆಸರಿಡುವವರಿಗೆ ಎರಡು ಮಾತು. ರಾಕ್‌ಬಾಕ್ಸ್ ಯುನಿಕೋಡ್ ಓದುತ್ತದೆ, ಆದರೆ ಥೀಮ್‌ನ (ಪರದೆಯ ವಿನ್ಯಾಸದ) ಫಾಂಟ್‌ನಲ್ಲಿ ಕನ್ನಡ ಅಕ್ಷರಗಳು ಇಲ್ಲದಿದ್ದರೆ ಏನೂ ಕಾಣದು. ಫಾಂಟ್ ಪ್ಯಾಕ್‌ನಲ್ಲಿರುವ ಯುನಿಫಾಂಟ್ ಹಾಕಿಕೊಂಡರೆ ಅಕ್ಷರ ಬರುತ್ತದೆ, ಒತ್ತಕ್ಷರ ಕೂಡುವುದಿಲ್ಲ. ‘ಕ್ಷ’ ಎಂಬುದು ಕಕಾರ, ಅರ್ಧಾಕ್ಷರದ ಗುರುತು, ಷಕಾರ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ, ಏಕೆಂದರೆ ಅಕ್ಷರಗಳನ್ನು ಬೆಸೆಯುವ ಕೆಲಸ ಭಾರತೀಯ ಲಿಪಿಗಳಿಗೆ ಈ ಫರ್ಮ್‌ವೇರ್‌ನಲ್ಲಿ ಇಲ್ಲ. ಇನ್ನೊಂದು, ಪೂರ್ಣ ಪಾತ್ (ಫೋಲ್ಡರ್‌ಗಳ ಹೆಸರೂ ಸೇರಿದ ಫೈಲ್‌ನ ಪೂರಾ ವಿಳಾಸ) ಸುಮಾರು 260 ಬೈಟ್ ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಗೆ ಮೂರು ಬೈಟ್, ಗುಣಿತದ ಚಿಹ್ನೆಗೂ ಪ್ರತ್ಯೇಕ ಮೂರು. ಕಲಾವಿದರು, ಆಲ್ಬಂ, ಹಾಡು ಮೂರನ್ನೂ ಕನ್ನಡದಲ್ಲಿ ಬರೆದರೆ ಮಿತಿ ಬೇಗ ಮುಟ್ಟುತ್ತದೆ. ಫೋಲ್ಡರ್ ಮತ್ತು ಫೈಲ್ ಹೆಸರು ರೋಮನ್ ಲಿಪಿಯಲ್ಲಿ, ಶೀರ್ಷಿಕೆಯ ಟ್ಯಾಗ್ ನಿಮ್ಮಿಷ್ಟದಂತೆ ಎಂಬುದು ಸದ್ಯಕ್ಕೆ ನಡೆಯುವ ದಾರಿ.

ಕವರ್ ಚಿತ್ರಕ್ಕೆ ಬರೋಣ. ರಾಕ್‌ಬಾಕ್ಸ್ ಹಾಡಿನೊಳಗೆ ಹುದುಗಿಸಿದ ಜೆಪೆಗ್ ಚಿತ್ರವನ್ನೂ ಓದುತ್ತದೆ, ಹಾಡಿನ ಜೊತೆಯಲ್ಲೇ ಇರುವ ‘ಕವರ್’ ಅಥವಾ ‘ಫೋಲ್ಡರ್’ ಎಂಬ ಹೆಸರಿನ ಜೆಪೆಗ್ ಫೈಲನ್ನೂ ಓದುತ್ತದೆ. ಆದರೆ ಜೆಪೆಗ್ ಬೇಸ್‌ಲೈನ್ ಬಗೆಯದಾಗಿರಬೇಕು, ಪ್ರೋಗ್ರೆಸಿವ್ ಜೆಪೆಗ್ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಎರಡೂ ಒಂದೇ ತರಹ ತೆರೆದುಕೊಳ್ಳುವುದರಿಂದ ಇದು ಕಣ್ಣಿಗೆ ಬೀಳದ ದೋಷ. ಜಾಲದಿಂದ ಇಳಿಸಿದ ಕವರ್‌ಗಳಲ್ಲಿ ಪ್ರೋಗ್ರೆಸಿವ್ ಸಾಕಷ್ಟಿವೆ. ಪಿಎನ್‌ಜಿ ಹುದುಗಿಸಿದರೂ ಕೆಲಸವಿಲ್ಲ. ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಪ್ರೋಗ್ರೆಸಿವ್ ಗುರುತು ತೆಗೆದು, 400 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಆಲ್ಬಂ ಫೋಲ್ಡರ್‌ನಲ್ಲಿ ಒಂದು ‘ಕವರ್’ ಫೈಲ್ ಇಡಿ. ಐಪಾಡ್ ವಿಡಿಯೊದ ಪರದೆಯೇ 320 ಅಡ್ಡ, 240 ಉದ್ದ. ಪ್ರತಿ ಹಾಡಿನೊಳಗೂ ಮೂರು ಸಾವಿರ ಪಿಕ್ಸೆಲ್‌ನ ಚಿತ್ರ ತುರುಕಿದರೆ ಜಾಗವೂ ದಂಡ, ಹಾಡು ಬದಲಾಗುವಾಗ ಡಿಸ್ಕ್‌ಗೂ ದಂಡನೆ. ಚಿತ್ರ ಇದ್ದೂ ಕಾಣದಿದ್ದರೆ ಥೀಮ್ ಬದಲಿಸಿ ನೋಡಿ, ಎಲ್ಲ ಥೀಮ್‌ಗಳೂ ಕವರ್ ತೋರಿಸುವುದಿಲ್ಲ.

ದನಿಯ ಮಟ್ಟ ಸಮಮಾಡುವ ರಿಪ್ಲೇಗೇನ್ ಟ್ಯಾಗ್‌ಗಳನ್ನೂ ಇದೇ ಹಂತದಲ್ಲಿ ಬರೆದುಬಿಡಿ, ಆಲ್ಬಂ ಗೇನ್ ಮತ್ತು ಟ್ರ್ಯಾಕ್ ಗೇನ್ ಎರಡೂ. ಪ್ಲೇಯರ್‌ನಲ್ಲಿ ‘ಶಫಲ್ ಇದ್ದರೆ ಟ್ರ್ಯಾಕ್ ಗೇನ್’ ಎಂಬ ಆಯ್ಕೆ ಹಾಕಿದರೆ ಎರಡು ಬಗೆಯ ಕೇಳುವಿಕೆಗೂ ಸರಿಹೋಗುತ್ತದೆ.

ಈಗ ನಕಲು. ಹಾಡುಗಳನ್ನು ಎಳೆದು ಬಿಡುವುದಕ್ಕಿಂತ ಸಿಂಕ್ ಮಾಡುವ ತಂತ್ರಾಂಶ ಬಳಸಿ, ಮೂಲದಲ್ಲಿ ಅಳಿಸಿದ್ದು, ಹೆಸರು ಬದಲಿಸಿದ್ದು ಎರಡೂ ಆಚೆಗೆ ಸರಿಯಾಗಿ ಹೋಗುತ್ತವೆ. ಆರ್‌ಸಿಂಕ್ ಎಂಬ ಸಿಂಕ್ ತಂತ್ರಾಂಶ ಬಳಸುವವರು ‘ಮಾಡಿಫೈ ವಿಂಡೋ’ ಆಯ್ಕೆಗೆ 1 ಎಂದು ಕೊಡಲೇಬೇಕು. ಫ್ಯಾಟ್32 ಫೈಲ್ ಬದಲಾದ ಸಮಯವನ್ನು ಎರಡು ಸೆಕೆಂಡ್‌ಗಳ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಒಂದು ಸೆಕೆಂಡ್ ವ್ಯತ್ಯಾಸ ಕಂಡ ಆರ್‌ಸಿಂಕ್ ಏನೂ ಬದಲಾಗದ ಫೈಲ್‌ಗಳನ್ನೂ ಪ್ರತಿಸಲ ಮತ್ತೆ ನಕಲು ಮಾಡುತ್ತಾ ಕೂರುತ್ತದೆ. ಸಿಂಕ್‌ನ ಗುರಿ ‘ಮ್ಯೂಸಿಕ್’ ಫೋಲ್ಡರ್ ಮಾತ್ರ ಆಗಿರಲಿ. ಇಡೀ ಡಿಸ್ಕನ್ನು ಗುರಿ ಮಾಡಿ ಅಳಿಸುವ ಆಯ್ಕೆ ಕೊಟ್ಟರೆ ಮೂಲದಲ್ಲಿಲ್ಲದ ‘ಡಾಟ್ ರಾಕ್‌ಬಾಕ್ಸ್’ ಫೋಲ್ಡರ್, ಅಂದರೆ ಫರ್ಮ್‌ವೇರೇ ಅಳಿಸಿಹೋಗುತ್ತದೆ. ಮ್ಯಾಕ್‌ನಿಂದ ನಕಲು ಮಾಡಿದರೆ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ ಪುಟ್ಟ ಫೈಲ್‌ಗಳು ಹಾಡಿಗೊಂದರಂತೆ ಸೇರಿಕೊಳ್ಳುತ್ತವೆ, ಡೇಟಾಬೇಸ್‌ನಲ್ಲಿ ಹೆಸರಿಲ್ಲದ ಕಸ ಕಂಡರೆ ಮೊದಲು ಅವನ್ನು ಗುಡಿಸಿ.

ಕೊನೆಗೆ ಡೇಟಾಬೇಸ್. ಅದಕ್ಕೂ ಮುನ್ನ ಹಳೆಯ ಹಾಡುಗಳ ಗತಿ ನೋಡಿ: ಐಪಾಡ್ ಕಂಟ್ರೋಲ್‌ನಲ್ಲಿ ಅವು ಇನ್ನೂ ಇದ್ದರೆ ಪ್ರತಿ ಹಾಡೂ ಎರಡು ಸಲ ಬರುತ್ತದೆ. ಅಳಿಸಲು ಮನಸ್ಸಿಲ್ಲದಿದ್ದರೆ ಆ ಫೋಲ್ಡರ್‌ನೊಳಗೆ ‘ಡೇಟಾಬೇಸ್ ಡಾಟ್ ಇಗ್ನೋರ್’ ಎಂಬ ಹೆಸರಿನ ಖಾಲಿ ಫೈಲ್ ಇಡಿ, ಹೆಸರು ಇಂಗ್ಲಿಷ್ ಸಣ್ಣಕ್ಷರಗಳಲ್ಲಿರಲಿ. ಆ ಫೋಲ್ಡರ್ ಮತ್ತು ಅದರೊಳಗಿನ ಎಲ್ಲವನ್ನೂ ರಾಕ್‌ಬಾಕ್ಸ್ ಬಿಟ್ಟು ಮುಂದೆ ಹೋಗುತ್ತದೆ. ಭಾಷಣ, ಧ್ವನಿಪುಸ್ತಕಗಳ ಫೋಲ್ಡರ್‌ಗೂ ಇದೇ ಉಪಾಯ, ಅವು ಹಾಡುಗಳ ಜೊತೆ ಶಫಲ್‌ನಲ್ಲಿ ಬಂದು ರಸಭಂಗ ಮಾಡುವುದು ತಪ್ಪುತ್ತದೆ.

ಐಪಾಡನ್ನು ಕಂಪ್ಯೂಟರ್‌ನಿಂದ ಬಿಡಿಸಿ ಚಾರ್ಜರ್‌ಗೆ ಹಾಕಿ, ಹಾಡು ನಿಲ್ಲಿಸಿ. ಸೆಟ್ಟಿಂಗ್ಸ್‌ನಲ್ಲಿ ಜನರಲ್ ಸೆಟ್ಟಿಂಗ್ಸ್, ಅದರಲ್ಲಿ ಡೇಟಾಬೇಸ್ ತೆರೆದು ಇನಿಷಿಯಲೈಸ್ ನೌ ಒತ್ತಿ. ಆರು ಸಾವಿರ ಫೈಲ್‌ಗಳನ್ನು ಒಂದೊಂದಾಗಿ ತೆರೆದು ಟ್ಯಾಗ್ ಓದಬೇಕು, ಹಾರ್ಡ್‌ಡಿಸ್ಕ್‌ನಲ್ಲಿ ಇದು ಹೊತ್ತು ಹಿಡಿಯುವ ಕೆಲಸ. ಕೆಲಸ ನಡೆದಿದೆಯೋ ನಿಂತಿದೆಯೋ ಎಂದು ತಿಳಿಯಲು ಸಿಸ್ಟಂ ಮೆನುವಿನ ಡಿಬಗ್ ವಿಭಾಗದಲ್ಲಿ ವ್ಯೂ ಡೇಟಾಬೇಸ್ ಇನ್ಫೊ ತೆರೆಯಿರಿ. ಅಲ್ಲಿ ಪ್ರಗತಿ, ಕಮಿಟ್ ಹಂತ ಎಲ್ಲ ಕಾಣುತ್ತದೆ. ಕಮಿಟ್ ಡಿಲೇಯ್ಡ್ ಎಂಬಲ್ಲಿ ‘ಯೆಸ್’ ಇದ್ದರೆ ಓದುವುದು ಮುಗಿದಿದೆ, ಬರೆಯಲು ಸಾಲುವಷ್ಟು ಮೆಮೊರಿ ಆಗ ಸಿಗಲಿಲ್ಲ ಎಂದರ್ಥ. ಆಫ್ ಮಾಡಿ ಆನ್ ಮಾಡಿ, ಏಳುವಾಗ ಅದೇ ಮುಗಿಸುತ್ತದೆ. ಆ ಮೆನುವಿನ ಉಳಿದವಕ್ಕೆ ಕೈಹಾಕಬೇಡಿ.

ಲೋಡ್ ಟು ರ್‍ಯಾಮ್ ಆನ್ ಇರಲಿ. 30 ಜಿಬಿ ಮಾದರಿಯಲ್ಲಿ 32 ಎಂಬಿ, 60 ಮತ್ತು 80 ಜಿಬಿ ಮಾದರಿಗಳಲ್ಲಿ 64 ಎಂಬಿ ರ್‍ಯಾಮ್ ಇದೆ, ನಿಮ್ಮ ಸಂಗ್ರಹಕ್ಕೆ ಧಾರಾಳ. ಇದಿಲ್ಲದಿದ್ದರೆ ಪಟ್ಟಿ ಸರಿಸಿದಾಗೆಲ್ಲ ಡಿಸ್ಕ್ ತಿರುಗಬೇಕು. ಆಟೊ ಅಪ್‌ಡೇಟ್ ಆಫ್ ಇಡಿ. ಹಾಡು ಸೇರಿಸಿದ ದಿನ ಅಪ್‌ಡೇಟ್ ನೌ ಒತ್ತಿದರೆ ಸಾಕು, ಪ್ರತಿ ಸಲ ಆನ್ ಮಾಡಿದಾಗಲೂ ಡಿಸ್ಕ್ ಜಾಲಾಡಿ ಬ್ಯಾಟರಿ ತಿನ್ನುವುದು ಯಾಕೆ?

ಟ್ಯಾಗ್ ತಿದ್ದಿದರೂ ಹಳೆಯ ಹೆಸರೇ ಕಾಣುತ್ತಿದೆ ಎಂದಿರಲ್ಲ, ಅದರ ಗುಟ್ಟು ಇಲ್ಲಿದೆ. ಅಪ್‌ಡೇಟ್ ಮಾಡುವಾಗ ರಾಕ್‌ಬಾಕ್ಸ್ ಹಳೆಯ ಫೈಲ್‌ಗಳ ಟ್ಯಾಗನ್ನು ಮತ್ತೆ ಓದುವುದು ಫೈಲ್ ಬದಲಾದ ಸಮಯ ಬೇರೆಯಾಗಿದ್ದರೆ ಮಾತ್ರ. ಎಂಪಿ3ಟ್ಯಾಗ್, ಪಿಕಾರ್ಡ್ ಎರಡರಲ್ಲೂ ಟ್ಯಾಗ್ ಬರೆದರೂ ಫೈಲ್‌ನ ಹಳೆಯ ಸಮಯವನ್ನೇ ಉಳಿಸುವ ಆಯ್ಕೆ ಇದೆ. ಅದು ಆನ್ ಇದ್ದರೆ ರಾಕ್‌ಬಾಕ್ಸ್ ಕಣ್ಣಿಗೆ ಫೈಲ್ ಬದಲಾಗಿಯೇ ಇಲ್ಲ, ಸಿಂಕ್ ತಂತ್ರಾಂಶವೂ ಇದೇ ಬಲೆಗೆ ಬೀಳಬಹುದು. ಆ ಆಯ್ಕೆ ತೆಗೆಯಿರಿ.

ಡೇಟಾಬೇಸ್‌ನ ಮೆನುವನ್ನು ನಿಮಗೆ ಬೇಕಾದಂತೆ ಬದಲಿಸಬಹುದು. ಡಾಟ್ ರಾಕ್‌ಬಾಕ್ಸ್ ಫೋಲ್ಡರ್‌ನಲ್ಲಿ ‘ಟ್ಯಾಗ್‌ನ್ಯಾವಿ’ ಎಂಬ ಕಾನ್ಫಿಗ್ ಫೈಲ್ ಇದೆ, ಸಾದಾ ಪಠ್ಯ. ಒಂದೊಂದು ಸಾಲೂ ಒಂದು ದಾರಿ: ಎಡಕ್ಕೆ ಮೆನುವಿನ ಹೆಸರು, ಬಾಣದ ಗುರುತಿನ ಆಚೆ ಯಾವ ಟ್ಯಾಗ್‌ನಿಂದ ಯಾವ ಟ್ಯಾಗ್‌ಗೆ ಇಳಿಯಬೇಕು ಎಂಬುದು. ಮೂಲ ಫೈಲನ್ನು ತಿದ್ದಬೇಡಿ, ಮುಂದಿನ ರಾಕ್‌ಬಾಕ್ಸ್ ಅಪ್‌ಡೇಟ್ ಅದನ್ನು ಅಳಿಸಿ ಬರೆಯುತ್ತದೆ. ನಕಲು ಮಾಡಿ, ಹೆಸರಿನಲ್ಲಿ ಟ್ಯಾಗ್‌ನ್ಯಾವಿ ಆದ ಮೇಲೆ ಅಡಿಗೆರೆ ಮತ್ತು ‘ಯೂಸರ್’ ಸೇರಿಸಿದರೆ ರಾಕ್‌ಬಾಕ್ಸ್ ಅದನ್ನೇ ಎತ್ತಿಕೊಳ್ಳುತ್ತದೆ. ಮೊದಲು ಮಾಡಬೇಕಾದ ಬದಲಾವಣೆ: ಆರ್ಟಿಸ್ಟ್ ಸಾಲಿನಲ್ಲಿ ‘ಆರ್ಟಿಸ್ಟ್’ ಎಂಬ ಟ್ಯಾಗ್ ಬದಲು ‘ಕೆನಾನಿಕಲ್ ಆರ್ಟಿಸ್ಟ್’ ಎಂದು, ನಡುವೆ ಜಾಗ ಬಿಡದೆ ಹಾಕುವುದು. ಆಲ್ಬಂ ಆರ್ಟಿಸ್ಟ್ ಇದ್ದರೆ ಅದು, ಇಲ್ಲದಿದ್ದರೆ ಆರ್ಟಿಸ್ಟ್ ಎಂದು ಇದು ತಾನೇ ಆರಿಸಿಕೊಳ್ಳುತ್ತದೆ. ಹಾಗೆ ಮಾಡಿದರೆ ಹತ್ತು ಗಾಯಕರ ಆಲ್ಬಂ ಒಂದೇ ಕಡೆ ಸಿಗುತ್ತದೆ, ಆಲ್ಬಂ ಆರ್ಟಿಸ್ಟ್ ಹಾಕದ ಹಳೆಯ ಹಾಡುಗಳು ‘ಅನ್‌ಟ್ಯಾಗ್ಡ್’ ಎಂಬ ಗುಂಪಿಗೂ ಬೀಳುವುದಿಲ್ಲ. ಬರೀ ಆಲ್ಬಂ ಎಂಬ ಮೆನುವಿನಲ್ಲಿ ಮಾತ್ರ ಒಂದೇ ಹೆಸರಿನ ಬೇರೆ ಬೇರೆ ಆಲ್ಬಂಗಳು ಬೆರೆತುಹೋಗುತ್ತವೆ. ‘ಗ್ರೇಟೆಸ್ಟ್ ಹಿಟ್ಸ್’ ಎಂಬ ಹೆಸರಿನವು ನಾಲ್ಕಾರು ಇದ್ದರೆ ಆಲ್ಬಂ ಹೆಸರಿಗೇ ಕಲಾವಿದರ ಹೆಸರು ಸೇರಿಸಿಬಿಡಿ.

ಪ್ಲೇಲಿಸ್ಟ್‌ಗಳನ್ನು ಕಂಪ್ಯೂಟರ್‌ನಲ್ಲಿ ಮಾಡಿ ತರುವುದಾದರೆ ಎಂ3ಯು8 ರೂಪದಲ್ಲಿ, ಸಾಪೇಕ್ಷ ಪಾತ್‌ಗಳೊಂದಿಗೆ ಉಳಿಸಿ. ಬರೀ ಎಂ3ಯು ಆದರೆ ರಾಕ್‌ಬಾಕ್ಸ್ ಅದನ್ನು ಡೀಫಾಲ್ಟ್ ಕೋಡ್‌ಪೇಜ್‌ನಂತೆ (ಯುನಿಕೋಡ್ ಅಲ್ಲದ ಹಳೆಯ ಅಕ್ಷರ ಸಂಕೇತದಂತೆ) ಓದಲು ಹೋಗಿ, ಇಂಗ್ಲಿಷೇತರ ಅಕ್ಷರವಿರುವ ಹಾಡುಗಳನ್ನು ಕಾಣದೆ ಬಿಡುತ್ತದೆ. ಪಾತ್ ಲೆಕ್ಕ ಶುರುವಾಗುವುದು ಪ್ಲೇಲಿಸ್ಟ್ ಇರುವ ಫೋಲ್ಡರ್‌ನಿಂದ, ಆದ್ದರಿಂದ ಕಂಪ್ಯೂಟರ್‌ನಲ್ಲೂ ಐಪಾಡ್‌ನಲ್ಲೂ ಪ್ಲೇಲಿಸ್ಟ್ ಫೋಲ್ಡರ್ ಮತ್ತು ಮ್ಯೂಸಿಕ್ ಫೋಲ್ಡರ್ ಅಕ್ಕಪಕ್ಕದಲ್ಲಿರಲಿ. ಫೈಲ್ ಹೆಸರು ಬದಲಿಸಿದ ಮೇಲೆ ಪ್ಲೇಲಿಸ್ಟ್ ಮತ್ತೆ ಉಳಿಸಬೇಕು, ರಾಕ್‌ಬಾಕ್ಸ್ ಅದನ್ನು ತಾನಾಗಿ ತಿದ್ದಿಕೊಳ್ಳುವುದಿಲ್ಲ. ಹಾಗಾಗಿ ಹೆಸರಿಡುವ ಕೆಲಸ ಪೂರ್ತಿ ಮುಗಿದ ಮೇಲೆಯೇ ಪ್ಲೇಲಿಸ್ಟ್.

ಎಷ್ಟು ಸಲ ಕೇಳಿದ್ದು, ಯಾವಾಗ ಕೇಳಿದ್ದು ಎಂಬ ಲೆಕ್ಕ ಬೇಕಿದ್ದರೆ ಗ್ಯಾದರ್ ರನ್‌ಟೈಮ್ ಡೇಟಾ ಆನ್ ಮಾಡಿ. ನೀವು ಕೊಡುವ ರೇಟಿಂಗ್ ಹಾಡಿನ ಫೈಲ್‌ಗೆ ಹೋಗುವುದಿಲ್ಲ, ಡೇಟಾಬೇಸ್‌ನಲ್ಲಿ ಮಾತ್ರ ಇರುತ್ತದೆ. ಇನಿಷಿಯಲೈಸ್ ಮಾಡಿದರೆ ಅದೆಲ್ಲ ಹೋಗುತ್ತದೆ, ಅಪ್‌ಡೇಟ್ ಮಾಡಿದರೆ ಉಳಿಯುತ್ತದೆ. ಆಗಾಗ ಎಕ್ಸ್‌ಪೋರ್ಟ್ ಮಾಡಿಫಿಕೇಶನ್ಸ್ ಒತ್ತಿದರೆ ಈ ಲೆಕ್ಕ ಡಾಟ್ ರಾಕ್‌ಬಾಕ್ಸ್ ಫೋಲ್ಡರ್‌ನಲ್ಲಿ ಒಂದು ಚೇಂಜ್‌ಲಾಗ್ ಪಠ್ಯ ಫೈಲ್ ಆಗಿ ಬೀಳುತ್ತದೆ, ಅದರ ಪ್ರತಿಯೊಂದನ್ನು ಕಂಪ್ಯೂಟರ್‌ನಲ್ಲಿಡಿ. ಮುಂದೊಂದು ದಿನ ಡೇಟಾಬೇಸ್ ತೆರೆದ ಕೂಡಲೇ ಪ್ಲೇಯರ್ ಸ್ತಬ್ಧವಾದರೆ ಮೊದಲು ಕಂಪ್ಯೂಟರ್‌ಗೆ ಹಾಕಿ ಡಿಸ್ಕ್ ದೋಷ ಪರೀಕ್ಷೆ ಮಾಡಿಸಿ, ಆಮೇಲೆ ಡಾಟ್ ರಾಕ್‌ಬಾಕ್ಸ್‌ನೊಳಗೆ ‘ಡೇಟಾಬೇಸ್’ ಎಂದು ಶುರುವಾಗಿ ‘ಟಿಸಿಡಿ’ ಎಂದು ಮುಗಿಯುವ ಫೈಲ್‌ಗಳನ್ನಷ್ಟೇ ಅಳಿಸಿ, ಇನಿಷಿಯಲೈಸ್ ಮಾಡಿ, ಅದು ಮುಗಿದ ಮೇಲೆ ಇಂಪೋರ್ಟ್ ಮಾಡಿಫಿಕೇಶನ್ಸ್ ಒತ್ತಿ. ಚೇಂಜ್‌ಲಾಗ್ ಫೈಲ್‌ನ ಹೆಸರೂ ‘ಡೇಟಾಬೇಸ್’ ಎಂದೇ ಶುರುವಾಗುತ್ತದೆ, ಅಳಿಸುವ ಭರದಲ್ಲಿ ಅದನ್ನೂ ತೆಗೆಯಬೇಡಿ.